ಮುಳ್ಳುಮೆಟ್ಟಿನ ಲಕ್ಷಣವಾಕ್ಯಕ್ಕೆ ಟೀಕು

ಲಕ್ಷಣವಾಕ್ಯ: ಬೆನ್ನಿಗೆ ಮುಳ್ಳು, ಬದಿಗೆ ಸುರುಳಿ, ಒಳಗೆ ಹಲಗೆ, ಬೆಚ್ಚನೆಯ ಕಡಲಲ್ಲಿ ವಾಸ, ಇದು ಮುಳ್ಳುಮೆಟ್ಟಿನ ಬಸವನಹುಳು.

‘ಮೆಟ್ಟು’ ಎಂದರೆ ಪಾದರಕ್ಷೆ, ಎಕ್ಕಡ. 1799ರಲ್ಲಿ ಪ್ರಾಣಿಶಾಸ್ತ್ರಜ್ಞ ಲಾಮಾರ್ಕ್ ಈ ಬಗೆಯ ಹುಳುಗಳ ಕುಲಕ್ಕಿಟ್ಟ ಕ್ರೆಪಿಡುಲಾ ಎಂಬ ಲ್ಯಾಟಿನ್ ಹೆಸರಿಗೂ ಪುಟ್ಟ ಮೆಟ್ಟು ಎಂದೇ ಅರ್ಥ. ಹೆಸರಿನ ಔಚಿತ್ಯ ತಿಳಿಯಬೇಕಾದರೆ ಚಿಪ್ಪನ್ನು ಅಂಗಾತ ಮಾಡಬೇಕು. ಅದು ಮುಂದೆ ಬರಲಿದೆ.

‘ಬೆನ್ನಿಗೆ ಮುಳ್ಳು’. ಬೆನ್ನೆಂದರೆ ಚಿಪ್ಪಿನ ಹೊರಮೈ. ಶಿಖರದಿಂದ ಅಂಚಿನತ್ತ ಹರಡಿದ ಏಣುಗಳ ಮೇಲೆ ಮೊನಚಾದ ಮುಳ್ಳುಗಳು ಎದ್ದಿರುತ್ತವೆ. ಈ ಹುಳುವಿನ ಅಕ್ಯುಲಿಯಾಟಸ್ ಎಂಬ ಜಾತಿನಾಮ ಹೇಳುವುದೂ ಇದನ್ನೇ: ಮುಳ್ಳುಳ್ಳದ್ದು. ಇದರ ನಂಟನಾದ ಕ್ರೆಪಿಡುಲಾ ಫಾರ್ನಿಕೇಟಾದ ಬೆನ್ನು ನುಣುಪು. ಆದುದರಿಂದ ಇಲ್ಲಿಯೇ ಅದು ಬೇರೆಯಾಯಿತು. ಆದರೆ ಅಲೆಗೆ ಸಿಕ್ಕು ಸವೆದ ಚಿಪ್ಪಿನಲ್ಲಿ ಮುಳ್ಳು ಅಳಿದು ಬರಿಯ ಏಣು ಉಳಿದಿರಬಹುದು. ಮುಳ್ಳಿಲ್ಲವೆಂದು ಬಿಸಾಡತಕ್ಕದ್ದಲ್ಲ.

‘ಬದಿಗೆ ಸುರುಳಿ’. ಶಿಖರವು ನಡುನೆತ್ತಿಯಲ್ಲಿ ನಿಲ್ಲದೆ ಹಿಂದಂಚಿನ ಒಂದು ಪಕ್ಕಕ್ಕೆ ಸುತ್ತಿಕೊಂಡಿರುತ್ತದೆ. ಬಸವನಹುಳುವೆಂಬುದಕ್ಕೆ ಹೊರಗೆ ಉಳಿದ ಗುರುತು ಇದೊಂದೇ. ಅಂಚಿನ ಆಕಾರವನ್ನು ಲಕ್ಷಣವಾಕ್ಯ ಬೇಕೆಂದೇ ಬಿಟ್ಟಿದೆ. ಬೆಳೆದ ಹುಳು ಕಲ್ಲಿಗೋ ಬೇರೆ ಚಿಪ್ಪಿಗೋ ಅಂಟಿ ಕುಳಿತು, ಕಿವಿರಿನಿಂದ ನೀರು ಸೋಸಿ ಉಣ್ಣುತ್ತದೆ; ಮೇಯಲು ಅಲೆಯುವುದಿಲ್ಲ. ಕುಳಿತ ಜಾಗ ಉಬ್ಬಾದರೆ ಉಬ್ಬು, ತಗ್ಗಾದರೆ ತಗ್ಗು: ಚಿಪ್ಪು ಆಸನದ ಅಚ್ಚನ್ನೇ ತಾಳುತ್ತದೆ. ಅಂಥ ಅಂಚನ್ನು ಸಾಕ್ಷಿಗೆ ಕರೆಯುವುದೆಂತು?

‘ಒಳಗೆ ಹಲಗೆ’. ವಾಕ್ಯದ ಪ್ರಾಣ ಈ ಪದದಲ್ಲಿದೆ. ಬೆರಳಗಲದ ಚಿಪ್ಪನ್ನು ಅಂಗೈಯಲ್ಲಿ ಮಗುಚಿದರೆ, ಒಳಗುಳಿಯ ಸುಮಾರು ಅರ್ಧವನ್ನು ಮುಚ್ಚಿದ ತೆಳುವಾದ ಬಿಳಿಯ ಹಲಗೆ ಕಾಣುತ್ತದೆ. ಬೆರಳ ಕಡೆ ಮುಚ್ಚಿ ಹಿಮ್ಮಡಿಯ ಕಡೆ ತೆರೆದ ಜೋಡಿನಂತೆ. ಮೆತ್ತನೆಯ ಒಡಲಿಗೆ ಇದೇ ಆಸರೆ. ಲಿನ್ನೇಯಸ್ 1758ರಲ್ಲಿ ಫಾರ್ನಿಕೇಟಾವನ್ನು, ಗ್ಮೆಲಿನ್ 1791ರಲ್ಲಿ ಈ ಮುಳ್ಳಿನದನ್ನು ಪಟೆಲ್ಲಾ ಎಂಬ ಕುಲಕ್ಕೆ ಸೇರಿಸಿದ್ದರು. ಪಟೆಲ್ಲಾ ಎಂದರೆ ಬಂಡೆಗಂಟುವ, ಟೋಪಿಯಂಥ ಚಿಪ್ಪಿನ ಲಿಂಪೆಟ್. ಹೊರಗೆ ಹೋಲಿಕೆಯುಂಟು, ನಿಜ. ಆದರೆ ಲಿಂಪೆಟ್ಟಿನ ಒಳಗೆ ಹಲಗೆಯಿಲ್ಲ. ಬೆನ್ನು ನೂರು ಬಗೆಯಾಗಿ ಮರುಳು ಮಾಡಲಿ, ಹಲಗೆ ಕಂಡಿತೆಂದರೆ ಅದು ಲಿಂಪೆಟ್ ಅಲ್ಲ.

‘ಬೆಚ್ಚನೆಯ ಕಡಲಲ್ಲಿ ವಾಸ’. ಅಮೆರಿಕದ ಆಗ್ನೇಯ ತೀರ, ಫ್ಲಾರಿಡಾ, ಕೆರಿಬಿಯನ್ ಎಂದು ತಿಳಿಯುವುದು. ವಾಸಸ್ಥಳವನ್ನು ಲಕ್ಷಣದಲ್ಲಿ ಸೇರಿಸಿದ್ದು ಅಲಂಕಾರಕ್ಕಲ್ಲ. ಲೋಕದ ಬೆಚ್ಚನೆಯ ಕಡಲುಗಳಲ್ಲೆಲ್ಲ ಇರುವುದು ಇದೊಂದೇ ಜಾತಿಯೆಂದು ಬಹುಕಾಲ ಎಣಿಸಿದ್ದರು. 2005ರಲ್ಲಿ ಜೀವವಿಜ್ಞಾನಿ ರೇಚಲ್ ಕಾಲಿನ್ ಡಿಎನ್‌ಎಯನ್ನೂ ಮರಿಗಳ ಬೆಳವಣಿಗೆಯನ್ನೂ ಪರಿಶೀಲಿಸಿ, ಒಂದೇ ಎಂದುಕೊಂಡದ್ದು ಹಲವು ಜಾತಿಗಳೆಂದು ತೋರಿಸಿದರು. ಇವುಗಳ ಕುಲ ಈಗ ಕ್ರೆಪಿಡುಲಾ ಅಲ್ಲ, ಬೊಸ್ಟ್ರಿಕ್ಯಾಪುಲಸ್. ಇವುಗಳಲ್ಲಿ ಪನಾಮಾದ ಪೆಸಿಫಿಕ್ ತೀರದ ಕ್ಯಾಲಿಪ್ಟ್ರೀಫಾರ್ಮಿಸ್ ಎಂಬ ಜಾತಿಯ ಮರಿ ಈಜುತ್ತ ಹೊರಬರುತ್ತದೆ. ಅಕ್ಯುಲಿಯಾಟಸ್ ಮರಿ ಮೊಟ್ಟೆಯಿಂದಲೇ ತೆವಳುತ್ತ ಬರುತ್ತದೆ. ತಾಯಿ ಮೊಟ್ಟೆಗಳನ್ನು ತನ್ನ ಚಿಪ್ಪಿನಡಿಯಲ್ಲೇ ಕಾಯುವುದರಿಂದ, ಬದುಕಿರುವ ಹುಳುವನ್ನು ಎತ್ತಿದವನಿಗೆ ಈ ಭೇದ ಕಂಡರೂ ಕಂಡೀತು. ಬರಿದಾದ ಚಿಪ್ಪಿನಲ್ಲಿ ಆ ಸಾಕ್ಷಿಯಿಲ್ಲ. ಆದ್ದರಿಂದ ಚಿಪ್ಪನ್ನಿಟ್ಟ ಡಬ್ಬಿಯೊಳಗೆ ಅದು ಸಿಕ್ಕ ತೀರದ ಹೆಸರಿನ ಚೀಟಿಯನ್ನೂ ಇಡತಕ್ಕದ್ದು.