ತಡವಾಗಿ ನೀರೆತ್ತುವ ಪಂಪು ಮತ್ತು ತರಗತಿಯ ಪಾಠ

ಇಂಡಿ ತಾಲ್ಲೂಕಿನ ಲಚ್ಯಾಣದಂತಹ ಊರಿನ ವಿದ್ಯಾರ್ಥಿಗೆ ಪಂಪನ್ನು ಪರಿಚಯಿಸಬೇಕಾಗಿಲ್ಲ. ಬಾವಿಯ ದಂಡೆಯ ಮೋಟರು, ಕೆಳಗಿಳಿದ ಪೈಪು, ಅದರ ತುದಿಯ ಫುಟ್‌ವಾಲ್ವು ಇವೆಲ್ಲ ಅವನು ಶಾಲೆಗೆ ಸೇರುವ ಮೊದಲೇ ಕಂಡಂಥವು. ಗುಂಡಿ ಒತ್ತಿದರೂ ಬೇಗ ನೀರು ಬಾರದಿದ್ದರೆ ಮನೆಯಲ್ಲಿ ಎರಡರಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಕಂಡೆನ್ಸರ್ ಹೋಗೈತಿ’ ಇಲ್ಲವೆ ‘ಗಾಳಿ ಹಿಡಿದೈತಿ’. ಇವು ಬೇರೆ ಬೇರೆ ರೋಗಗಳು. ಇವನ್ನು ಗುರುತಿಸಲು ಬೇಕಾದ ಭೌತವಿಜ್ಞಾನ ಪ್ರೌಢಶಾಲೆ ಹಾಗೂ ಪಿಯುಸಿ ಪಾಠಗಳಲ್ಲೇ ಇದೆ. ಆದರೆ ಅದನ್ನು ಕಲಿಸುವ ರೀತಿಯೇ ಅಡ್ಡಿಯಾಗಿದೆ ಎಂಬುದು ನನ್ನ ಆಕ್ಷೇಪ.

‘ಪಂಪು ನೀರನ್ನು ಎಳೆಯುತ್ತದೆ’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಹೀರುಪಂಪು ಸುಮಾರು 10 ಮೀಟರಿಗಿಂತ ಆಳದ ನೀರನ್ನು ಎತ್ತಲಾರದೆಂದು ಗೆಲಿಲಿಯೋ 1638ರಲ್ಲಿ ಬರೆದ. ನೀರಿನ ಕಂಬ ತನ್ನ ಭಾರಕ್ಕೆ ತಾನೇ ತುಂಡಾಗುತ್ತದೆ ಎಂಬುದು ಅವನ ವಿವರಣೆ. ಹೊರಗಿನ ಗಾಳಿಯ ಒತ್ತಡವೇ ದ್ರವವನ್ನು ಮೇಲಕ್ಕೆ ತಳ್ಳುತ್ತದೆಂದು 1644ರಲ್ಲಿ ಟಾರಿಸೆಲ್ಲಿ ವಿವರಿಸಿದ. ನಮ್ಮ ವಾಕ್ಯ ಇನ್ನೂ 1638ರಲ್ಲೇ ನಿಂತಿದೆ! 76 ಸೆಂ.ಮೀ. ಪಾದರಸವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅದು ಬಾವಿಯಲ್ಲಿ 10.3 ಮೀಟರು ನೀರಿಗೆ ಸಮ ಎಂದು ಹೇಳುವವರಿಲ್ಲ. ಸಮುದ್ರಮಟ್ಟದಿಂದ 500 ಮೀಟರು ಎತ್ತರದಲ್ಲಿ ಅದು ಸುಮಾರು 9.7 ಮೀಟರಿಗೆ ಇಳಿಯುತ್ತದೆ. ಘರ್ಷಣೆ, ನೀರಿನ ಆವಿ ಎಲ್ಲ ಕಳೆದು ವ್ಯವಹಾರದಲ್ಲಿ ದಕ್ಕುವುದು 6–7 ಮೀಟರು ಮಾತ್ರ. ಬೇಸಿಗೆಯಲ್ಲಿ ಬಾವಿಯ ನೀರು ಕೆಳಗಿಳಿದಾಗ ಪಂಪು ಸತಾಯಿಸುವುದು ಇದಕ್ಕೇ. (ಕೊಳವೆಬಾವಿಯ ಮುಳುಗುಪಂಪಿಗೆ ಈ ಮಿತಿಯಿಲ್ಲ, ಅದು ಕೆಳಗಿನಿಂದ ತಳ್ಳುತ್ತದೆ. ಕೊಳವೆಬಾವಿಯ ಬಾಯಿ ಮುಚ್ಚುವುದು ಬೇರೆಯೇ ಪಾಠ: 2024ರ ಏಪ್ರಿಲ್‌ನಲ್ಲಿ ಲಚ್ಯಾಣದಲ್ಲೇ ತೆರೆದ ಕೊಳವೆಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಹೊರತೆಗೆದದ್ದನ್ನು ನೀವು ಮರೆತಿರಲಾರಿರಿ.)

ಇನ್ನು ‘ಗಾಳಿ ಹಿಡಿಯುವುದು’. ಕೇಂದ್ರಾಪಗಾಮಿ ಪಂಪು ತನ್ನೊಳಗಿನ ದ್ರವವನ್ನು ತಿರುಗಿಸಿ ಒತ್ತಡ ಉಂಟುಮಾಡುತ್ತದೆ. ಆ ಒತ್ತಡ ದ್ರವದ ಸಾಂದ್ರತೆಯನ್ನು ಅವಲಂಬಿಸಿದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ನೀರು ತುಂಬಿದಾಗ 20 ಮೀಟರು ಎತ್ತುವ ಪಂಪಿನಲ್ಲಿ ಬರೀ ಗಾಳಿಯಿದ್ದರೆ, ಅದು ಬಾವಿಯ ನೀರನ್ನು ಮೇಲೇರಿಸುವುದು ಎಷ್ಟು? 20 ಮೀಟರನ್ನು 800ರಿಂದ ಭಾಗಿಸಿ. ಎರಡೂವರೆ ಸೆಂಟಿಮೀಟರು! ಮೊದಲು ನೀರು ಹೊಯ್ದು ಗಾಳಿ ಹೊರಡಿಸುವ ರೈತನ ಕ್ರಮ ಈ ಭಾಗಾಕಾರದಲ್ಲಿದೆ. ಇಷ್ಟು ಚೆಂದದ ಲೆಕ್ಕ ಪರೀಕ್ಷೆಯಲ್ಲಿ ಏಕೆ ಬರುವುದಿಲ್ಲವೋ ತಿಳಿಯದು. ಹೀರುಪೈಪಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದ್ದರಿಂದ, ಪಂಪು ಓಡುವಾಗ ಬಿರುಕಿನಿಂದ ಹನಿ ನೀರೂ ಸೋರದು, ಗಾಳಿ ಒಳನುಗ್ಗುತ್ತದೆ. ತೇವ ಹುಡುಕುವವನಿಗೆ ದೋಷ ಸಿಗುವುದೇ ಇಲ್ಲ.

ನಗರದ ಈಜುಕೊಳದ ಪಂಪೂ ಇದೇ ಜಾತಿಯದು. ಆದರೆ ಅದರ ಮುಂದಿನ ಜರಡಿ ಪಾತ್ರೆಗೆ ಸಾಮಾನ್ಯವಾಗಿ ಪಾರದರ್ಶಕ ಮುಚ್ಚಳವಿರುತ್ತದೆ. ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಬಾವಿಯ ಪಂಪಿಗೆ ಕಿವಿಯೇ ಆಧಾರ. ಮೋಟರಿನ ಧ್ವನಿ ತಕ್ಷಣ ಪೂರ್ಣ ವೇಗಕ್ಕೇರಿ ನೀರು ಮಾತ್ರ ತಡವಾದರೆ ದೋಷ ಗಾಳಿಯದು. ‘ಗುಂಯ್’ ಎಂದು ಗುನುಗಿ ಮೆಲ್ಲಗೆ ತಿರುಗತೊಡಗಿದರೆ ದೋಷ ವಿದ್ಯುತ್ತಿನದು, ಇಲ್ಲವೆ ಬೇರಿಂಗಿನದು.

ಸಿಂಗಲ್ ಫೇಸ್ ಮೋಟರಿನ ಒಂದೇ ಸುತ್ತು ತಿರುಗುವ ಕಾಂತಕ್ಷೇತ್ರವನ್ನು ಕೊಡದು. ಧಾರಕದ ಮೂಲಕ ಎರಡನೆಯ ಸುತ್ತಿಗೆ ಪ್ರಾವಸ್ಥೆ ಬದಲಿಸಿದ ಪ್ರವಾಹ ಕೊಟ್ಟಾಗಲೇ ಕ್ಷೇತ್ರ ತಿರುಗುತ್ತದೆ. ಧಾರಕ ಬಡವಾದರೆ ಮೋಟರು ಗುನುಗುತ್ತದೆ. ಆದರೆ ಧಾರಕ ಬದಲಿಸುವ ಮುನ್ನ ವೋಲ್ಟೇಜು ಅಳೆಯಿರಿ. ಆರಂಭದ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತ; 230 ವೋಲ್ಟು 180ಕ್ಕೆ ಇಳಿದರೆ ಬಲ ಶೇಕಡ 61ಕ್ಕೆ ಕುಸಿಯುತ್ತದೆ. ನಿಂತಲ್ಲೇ ಗುನುಗುವ ಮೋಟರು 5–6 ಪಟ್ಟು ಪ್ರವಾಹ ಸೆಳೆದರೆ ಸುತ್ತುಗಳಲ್ಲಿನ ಶಾಖ 25–36 ಪಟ್ಟು. ಸುತ್ತು ಸುಟ್ಟರೆ, ರಿಪೇರಿಯಾಗುವವರೆಗೆ ನಿಂಬೆ ತೋಟಕ್ಕೆ ನೀರಿಲ್ಲ.

ಒಂದು ಪ್ರಯೋಗವನ್ನು ವಿದ್ಯಾರ್ಥಿಗಳಿಗೆ ಮನೆಗೆಲಸವಾಗಿ ಕೊಡಬಹುದು. ಪಂಪನ್ನು ನಿಲ್ಲಿಸಿ, ನೀರು ಹೊಯ್ಯುವ ಬಾಯಿಯವರೆಗೂ ತುಂಬಿ ಕಾಲು ಗಂಟೆ ಕಾಯಲಿ. ಮಟ್ಟ ಇಳಿದರೆ ಫುಟ್‌ವಾಲ್ವನ್ನೂ ಪೈಪಿನ ಕೀಲುಗಳನ್ನೂ ನೋಡಬೇಕು. ಧಾರಕವನ್ನು ಮಾತ್ರ ಅವರು ಮುಟ್ಟಕೂಡದು. ವಿದ್ಯುತ್ತು ತೆಗೆದ ಮೇಲೂ ಅದರಲ್ಲಿ ಆವೇಶ ಉಳಿದಿರಬಹುದು.