ಗಡಿಯೂರಿನ ಹಬ್ಬ, ಗಡಿ ದಾಟದ ಎಚ್ಚರಿಕೆ

ದಸರೆಗೆ ಶಾಲೆಗಳಿಗೆ ರಜೆ ಬಿಟ್ಟ ದಿನದಿಂದ ಸಂಕ್ರಾಂತಿ ಮುಗಿಯುವವರೆಗೆ ನಮ್ಮ ಕಡೆಯ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಬರಹ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪೊಲೀಸರ ಮನವಿ, ವಿದ್ಯುತ್ ಇಲಾಖೆಯ ಸೂಚನೆ, ಅಗ್ನಿಶಾಮಕ ಠಾಣೆಯ ಕರಪತ್ರ. ಪಟಾಕಿ ಹಚ್ಚುವಾಗ ಹತ್ತಿ ಬಟ್ಟೆ ತೊಡಿ, ಊರಿಗೆ ಹೋಗುವಾಗ ಮನೆಗೆ ಭದ್ರವಾಗಿ ಬೀಗ ಹಾಕಿ, ಕುಡಿದು ಗಾಡಿ ಓಡಿಸಬೇಡಿ, ಮಕ್ಕಳನ್ನು ಕೆರೆ ಕುಂಟೆಗಳ ಹತ್ತಿರ ಬಿಡಬೇಡಿ. ಹೇಳುವುದೆಲ್ಲ ಸರಿಯೇ. ಆದರೆ ಇದೂ ಒಂದು ಬರವಣಿಗೆ ಎಂದು ಎತ್ತಿಕೊಂಡು ತೂಗಿ ನೋಡಿದವರು ಕಡಿಮೆ. ಕವಿತೆ ಸೋತರೆ ಓದುಗನ ಒಂದು ಸಂಜೆ ಹೋಗುತ್ತದೆ. ಎಚ್ಚರಿಕೆ ಸೋತರೆ ಯಾರದೋ ಮನೆಯ ಮಗ ಹೋಗುತ್ತಾನೆ. ಹಾಗಾಗಿ ಈ ಬರಹಕ್ಕೂ ಕಟ್ಟುನಿಟ್ಟಿನ ವಿಮರ್ಶೆ ಬೇಕು ಎಂಬುದು ನನ್ನ ನಿಲುವು. ಆಂಧ್ರದ ಗಡಿಯೂರುಗಳಾದ ರಾಯದುರ್ಗ ಮತ್ತು ಮಡಕಶಿರಾದಲ್ಲಿ ಕೂತು ಓದಿದಾಗ ಅದರ ದೋಷಗಳು ಎದ್ದು ಕಾಣುತ್ತವೆ.

ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಅನಂತಪುರಕ್ಕೆ ಹೋಯಿತು. ಇವತ್ತಿಗೂ ಬಟ್ಟೆಬರೆಗೆ, ಆಸ್ಪತ್ರೆಗೆ, ಬೀಗರ ಮನೆಗೆ ಇಲ್ಲಿಯ ಜನಕ್ಕೆ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. ಮಡಕಶಿರಾದ ಮಾತೂ ಬೇರೆಯಲ್ಲ. ಕರ್ನಾಟಕದ ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳ ನಡುವೆ ಚಾಚಿಕೊಂಡ ನೆಲ ಅದು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡ ಮಂಡಲಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಸುದ್ದಿಯ ಪುಟಗಳೂ ಅದರಂತೆಯೇ ಬೇರೆಯಾದವು. ಜನರ ಓಡಾಟ ಮಾತ್ರ ಹಳೆಯ ದಾರಿಯಲ್ಲೇ ಇದೆ.

2024ರ ಡಿಸೆಂಬರ್ 21ರ ಬೆಳಗಿನ ಜಾವ ಮಡಕಶಿರಾ ಮಂಡಲದ ಬುಳ್ಳಸಮುದ್ರದ ಬಳಿ ನಡೆದದ್ದನ್ನು ನೋಡಿ. ತಿರುಮಲದ ದರ್ಶನ ಮುಗಿಸಿ ಮರಳುತ್ತಿದ್ದ ಗುಡಿಬಂಡ, ಅಮರಾಪುರ ಕಡೆಯ ಯಾತ್ರಿಕರ ವಾಹನ ನಿಂತಿದ್ದ ಲಾರಿಗೆ ಅಪ್ಪಳಿಸಿ ನಾಲ್ವರು ಸತ್ತರು, ಅನೇಕರು ಗಾಯಗೊಂಡರು. ಊರು ಸೇರಲು ಹೆಚ್ಚು ದೂರ ಉಳಿದಿರಲಿಲ್ಲ. ಸತ್ತವರ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು: ಊರು, ಹೆಸರು, ವಯಸ್ಸು, ಸಂತಾಪ. ಈ ಅಪಘಾತದೊಳಗೆ ಮೂರು ಪಾಠಗಳಿದ್ದವು. ರಾತ್ರಿಯಿಡೀ ಓಡಿದ ಗಾಡಿ, ಕಣ್ಣು ಎಳೆಯುವ ನಸುಕಿನ ಹೊತ್ತು, ದಾರಿಯಲ್ಲಿ ನಿಂತ ಲಾರಿ. ಹಬ್ಬದ ಎಚ್ಚರಿಕೆ ಹುಟ್ಟಬೇಕಾದದ್ದು ಇಲ್ಲಿಂದ. ಆದರೆ ‘ವಾಹನ ಚಾಲಕರು ಸಂಚಾರ ನಿಯಮಗಳನ್ನು ಪಾಲಿಸಬೇಕು’ ಎಂಬ ಧಾಟಿಯ ವಾಕ್ಯದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅದನ್ನು ಕಾಕಿನಾಡದಲ್ಲಿ ಓದಿದರೂ ಒಂದೇ, ಕಲಬುರಗಿಯಲ್ಲಿ ಓದಿದರೂ ಒಂದೇ. ಅದರಲ್ಲಿ ಸ್ಥಳ ಇಲ್ಲ, ಹೊತ್ತು ಇಲ್ಲ, ಮನುಷ್ಯ ಇಲ್ಲ.

ಅದೇ ಮಾತನ್ನು ಮನೆಯ ಹಿರಿಯರು ಹೇಗೆ ಹೇಳುತ್ತಾರೆ? ‘ಅಣ್ಣಾ, ರಾತ್ರಿಯೆಲ್ಲ ಗಾಡಿ ಓಡ್ಸಿದೀಯ, ಹಿಂದೂಪುರದಾಗೆ ನಿಲ್ಸಿ ಒಂದು ಗಂಟೆ ಮಲಗಿ ಎದ್ದು ಬಾ.’ ಅಷ್ಟೇ. ಇದರಲ್ಲಿ ಆಜ್ಞೆಯಿಲ್ಲ, ದಂಡದ ಬೆದರಿಕೆಯಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು, ಯಾಕೆ ಎಂಬ ಮೂರೂ ಇವೆ. ಒಳ್ಳೆಯ ಎಚ್ಚರಿಕೆಗೆ ನಾನು ಹಿಡಿಯುವ ಅಳತೆಗೋಲು ಇದೇ.

ಶ್ರಾವಣದಲ್ಲಿ ಮುರಡಿ, ನೇಮಕಲ್ಲು, ಕಸಾಪುರ ಈ ಮೂರೂ ಊರಿನ ಆಂಜನೇಯನನ್ನು ಒಂದೇ ದಿನ ನೋಡಿ ಬರಬೇಕೆಂಬುದು ಈ ಭಾಗದ ಭಕ್ತರ ಹರಕೆ. ಮುರಡಿ ಡಿ. ಹಿರೇಹಾಳು ಮಂಡಲದಲ್ಲಿದೆ, ನೇಮಕಲ್ಲು ಬೊಮ್ಮನಹಾಳು ಮಂಡಲದಲ್ಲಿ, ಕಸಾಪುರ ಗುಂತಕಲ್ಲಿನ ಪಕ್ಕ. ಬಳ್ಳಾರಿ ಕಡೆಯಿಂದ ಬೈಕು, ಆಟೋ, ಟ್ರ್ಯಾಕ್ಟರು, ಕ್ರೂಸರುಗಳಲ್ಲಿ ಜನ ಬರುತ್ತಾರೆ. ಕತ್ತಲಾಗುವುದರೊಳಗೆ ಮೂರೂ ಮುಗಿಸಬೇಕೆಂಬ ಅವಸರದಲ್ಲೇ ಅಪಾಯ ಇದೆ. ಆ ಅವಸರವನ್ನು ಅರಿತು, ಯಾವ ಗುಡಿಯಿಂದ ಶುರು ಮಾಡಿದರೆ ಸಲೀಸು, ಯಾವ ದಾರಿ ಕಿರಿದು, ಕೊನೆಯ ಮಂಗಳಾರತಿ ಎಷ್ಟು ಹೊತ್ತಿಗೆ ಎಂದು ಬರೆದ ಒಂದು ಅಂಕಣ ನೂರು ಮನವಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬರೆಯಬೇಕಾದವರು ಬಳ್ಳಾರಿಯ ಕನ್ನಡ ಪುಟದವರೋ, ಅನಂತಪುರದ ತೆಲುಗು ಪುಟದವರೋ? ಹೊರಡುವ ಊರು ಒಂದು ಪುಟದಲ್ಲಿದೆ, ಗುಡಿ ಇನ್ನೊಂದರಲ್ಲಿದೆ, ನಡುವಿನ ದಾರಿ ಎರಡರಲ್ಲೂ ಇಲ್ಲ.

ಹೀಗೆ ಬರೆಯಲು ನಮ್ಮ ಪತ್ರಿಕೆಗಳಿಗೆ ಬಾರದು ಎಂದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಆಮೇಲಿನ ದಿನಗಳ ಸುದ್ದಿಗಳನ್ನು ಈ ಬರಹದ ಮಾದರಿಯೆಂದು ಇಟ್ಟುಕೊಳ್ಳಬಹುದು. ನದಿಗೆ ಎಷ್ಟು ಕ್ಯುಸೆಕ್ ಬಿಟ್ಟರು, ಜಲಾಶಯದಲ್ಲಿ ಎಷ್ಟು ಟಿಎಂಸಿ ಉಳಿಯಿತು, ಕೊಚ್ಚಿಹೋದ ಗೇಟಿನ ಜಾಗಕ್ಕೆ ಇಳಿಸುವ ಸ್ಟಾಪ್‌ಲಾಗ್ ಎಲ್ಲಿಯವರೆಗೆ ಬಂತು, ನದಿಪಾತ್ರದ ಯಾವ ಊರಿನವರು ಏನು ಮಾಡಬೇಕು ಎಂದು ಕನ್ನಡ, ತೆಲುಗು ಪತ್ರಿಕೆಗಳೆರಡೂ ಬಿಡಿಬಿಡಿಸಿ ಕೊಟ್ಟವು. ಆ ಅಣೆಕಟ್ಟೆಯ ಮೇಲ್ಮಟ್ಟದ ಕಾಲುವೆಯ ನೀರನ್ನು ನಂಬಿದ ಕಣೇಕಲ್ಲು, ಬೊಮ್ಮನಹಾಳಿನ ರೈತರಿಗೆ ಅದು ಬದುಕಿನ ಪ್ರಶ್ನೆಯಾಗಿತ್ತು. ಪತ್ರಿಕೆಗಳು ಅದನ್ನು ಹಾಗೆಯೇ ಕಂಡವು. ಅದೇ ಕಾಲುವೆ ದಸರೆ ರಜೆಯಲ್ಲಿ ತುಂಬಿ ಹರಿಯುವಾಗ ಈಜಲು ಹೋಗುವ ಹುಡುಗರ ವಿಷಯಕ್ಕೆ ಬಂದರೆ ಅಂಕಿಯಿಲ್ಲ, ಊರಿನ ಹೆಸರಿಲ್ಲ. ಕಾಲುವೆಯ ಇಳಿಜಾರು ದಡದಲ್ಲಿ ಕಾಲು ಜಾರಿದವನಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಮೇಲೆ ಶಾಂತವಾಗಿ ಕಂಡ ನೀರು ಒಳಗೆ ಎಳೆಯುತ್ತದೆ ಎಂದು ಯಾರಾದರೂ ಬಿಡಿಸಿ ಬರೆಯಬೇಕಲ್ಲ.

ನೀರಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ನನಗೆ ಅದು ಬಹಳ ಮುಖ್ಯ. ಅನಂತಪುರ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಇಲ್ಲಿಯ ಒಂದು ಇಡೀ ತಲೆಮಾರು ವೇದಾವತಿ ಹೊಳೆಯನ್ನು ಮರಳಿನ ಹಾಸಾಗಿಯೇ ಕಂಡಿದೆ. ಅದೇ ಹೊಳೆಗೆ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ, ಸರಿಯಾಗಿ ಸಂಕ್ರಾಂತಿಯ ಹೊತ್ತಿಗೆ, ಮತ್ತೆ ಕೋಡಿ ಬಿತ್ತು. ಆ ಹೊಳೆ ಚಳ್ಳಕೆರೆ ತಾಲ್ಲೂಕನ್ನು ದಾಟಿ ಗುಮ್ಮಗಟ್ಟ ಮಂಡಲದ ಭೈರವಾನಿತಿಪ್ಪ ಜಲಾಶಯಕ್ಕೆ ಬರುತ್ತದೆ. ಹೊಳೆ ನೋಡಿ ಬೆಳೆಯದ ಮಕ್ಕಳಿಗೆ ಹೊಳೆಯ ಭಯವೂ ಇರುವುದಿಲ್ಲ. ಮರಳು ತೋಡಿದ ಗುಂಡಿ ನೀರಿನಡಿ ಎಲ್ಲಿದೆಯೋ ಕಾಣುವುದೂ ಇಲ್ಲ. ಕರಾವಳಿಯ ಊರಿಗೆ ಬರೆದ ಎಚ್ಚರಿಕೆಯನ್ನೇ ಇಲ್ಲಿಗೂ ಅಚ್ಚು ಹಾಕಿದರೆ ಈ ಸೂಕ್ಷ್ಮ ಕೈತಪ್ಪುತ್ತದೆ. ಹಿರಿಯೂರಿನಲ್ಲಿ ಕೋಡಿ ಬಿದ್ದ ಸುದ್ದಿ ಚಿತ್ರದುರ್ಗ ಆಕಾಶವಾಣಿಯಲ್ಲಿ ಬಂದ ದಿನವೇ ಅನಂತಪುರ ಆಕಾಶವಾಣಿಯಲ್ಲೂ, ಎರಡು ಭಾಷೆಯಲ್ಲಿ, ಹೊಳೆ ದಾಟುವ ಊರುಗಳ ಹೆಸರು ಹಿಡಿದು ಬರಬೇಕು.

ಇನ್ನು ಹೊಣೆಯ ಪ್ರಶ್ನೆ. 2022ರ ದೀಪಾವಳಿ ಕಳೆದು ಕೆಲವೇ ದಿನ, ನವೆಂಬರ್ 2ರಂದು, ಬೊಮ್ಮನಹಾಳು ಮಂಡಲದ ದರ್ಗಾಹೊನ್ನೂರಿನಲ್ಲಿ ಕೂಲಿ ಹೆಂಗಸರಿದ್ದ ಟ್ರ್ಯಾಕ್ಟರಿನ ಮೇಲೆ ವಿದ್ಯುತ್ ತಂತಿ ಹರಿದುಬಿದ್ದು ನಾಲ್ವರು ಪ್ರಾಣ ಬಿಟ್ಟರು. ಅವರು ಯಾವ ಸೂಚನೆಯನ್ನು ಮೀರಿದ್ದರು? ಜೋತುಬಿದ್ದ ತಂತಿ ಮುಟ್ಟಬೇಡಿ, ಒದ್ದೆ ಕೈಯಲ್ಲಿ ಸ್ವಿಚ್ ಒತ್ತಬೇಡಿ, ತೊಂದರೆಯಾದರೆ 1912ಕ್ಕೆ ಕರೆ ಮಾಡಿ ಎಂಬ ಸೂಚನೆಗಳೆಲ್ಲ ಕೇಳುವವನ ಹೆಗಲಿಗೆ ಹೊಣೆ ಹೊರಿಸುತ್ತವೆ. ತಂತಿಯನ್ನು ಕೊನೆಯ ಸಲ ಯಾವಾಗ ನೋಡಿದರು, ಗಣೇಶನ ಮೆರವಣಿಗೆಯ ದಾರಿಯಲ್ಲಿ ಎಷ್ಟು ಕಡೆ ತಂತಿ ಕೆಳಗಿದೆ, ಅದನ್ನು ಎತ್ತಿ ಕಟ್ಟುವುದು ಯಾವ ದಿನಕ್ಕೆ ಎಂಬುದನ್ನು ಅವು ಹೇಳುವುದಿಲ್ಲ. ಇಲಾಖೆಯ ಪ್ರಕಟಣೆಯನ್ನು ಹಾಗೆಯೇ ಅಚ್ಚಿಗೆ ಕಳಿಸುವ ವರದಿಗಾರ ಈ ಪ್ರಶ್ನೆ ಕೇಳದಿದ್ದರೆ, ಆ ಬರಹ ಸುದ್ದಿಯಾಗುವುದಿಲ್ಲ, ಬರೀ ಪ್ರಕಟಣೆಯಾಗಿಯೇ ಉಳಿಯುತ್ತದೆ. ಈ ಪ್ರಕಾರದ ಎಲ್ಲಕ್ಕಿಂತ ದೊಡ್ಡ ದೋಷ ಇದು ಎಂದು ನಾನು ಎಣಿಸುತ್ತೇನೆ.

ಇದಕ್ಕೆ ವಿರುದ್ಧವಾಗಿ, ಮೆಚ್ಚಬೇಕಾದ ಒಂದನ್ನು ಆಂಧ್ರ ಪೊಲೀಸರೇ ಮಾಡಿದ್ದಾರೆ. ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಮೊದಲೇ ತಿಳಿಸಿದರೆ ಮನೆಯೊಳಗೆ ಕ್ಯಾಮೆರಾ ಇಟ್ಟು ಕಾಯುವ ಎಲ್‌ಎಚ್‌ಎಂಎಸ್ (ಲಾಕ್ಡ್ ಹೌಸ್ ಮಾನಿಟರಿಂಗ್ ಸಿಸ್ಟಮ್) ಎಂಬ ವ್ಯವಸ್ಥೆ. ‘ಬೀಗ ಭದ್ರವಾಗಿರಲಿ’ ಎಂಬಲ್ಲಿಗೆ ನಿಲ್ಲದೆ ‘ನೀವು ತಿಳಿಸಿ, ನಾವು ನೋಡಿಕೊಳ್ಳುತ್ತೇವೆ’ ಎಂದು ಹೇಳಿದ್ದರಿಂದ ಆ ಎಚ್ಚರಿಕೆಯ ಮಾತಿಗೆ ತೂಕ ಬಂತು. ಕೊರತೆ ಇದೆ: ಅದು ಸ್ಮಾರ್ಟ್‌ಫೋನ್ ಬಲ್ಲವರ ವ್ಯವಸ್ಥೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು, ಹಬ್ಬಕ್ಕೆ ಅವರಿರುವಲ್ಲಿಗೇ ಹೊರಡುವ ರೊಳ್ಳದ ಅಜ್ಜಿಗೆ ಆಪ್ ತೆರೆದುಕೊಡುವವರು ಬೇಕು. ಅದು ಅವಳ ಭಾಷೆಯಲ್ಲೂ ಇರಬೇಕು.

ಭಾಷೆಯ ಮಾತು ಬಂದರೆ, ಇದು ಅಭಿಮಾನದ ಕೂಗಲ್ಲ, ನಿಯಮವೇ ಇದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರಲ್ಲಿ ಕೇಂದ್ರ ಹೊರಡಿಸಿದ ಜ್ಞಾಪನ ಪತ್ರ, 1961ರ ಮುಖ್ಯಮಂತ್ರಿಗಳ ಸಮ್ಮೇಳನದ ತೀರ್ಮಾನ ಎರಡೂ ಇದನ್ನು ಹೇಳಿವೆ: ಒಂದು ಪ್ರದೇಶದಲ್ಲಿ ಶೇ 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಸರ್ಕಾರಿ ಸೂಚನೆಗಳು ಪ್ರಕಟವಾಗಬೇಕು. ಇಲ್ಲಿಯ ಜನ ತೆಲುಗು ಬಲ್ಲರು, ಅನೇಕರು ಚೆನ್ನಾಗಿಯೇ ಓದುತ್ತಾರೆ ಎಂಬುದು ನಿಜ. ಆದರೂ ಅಮರಾಪುರದ ಕನ್ನಡ ಶಾಲೆಯಲ್ಲಿ ಕಲಿಯುವ ಮಗು ಟ್ರಾನ್ಸ್‌ಫಾರ್ಮರ್ ಕಂಬದ ಮೇಲಿನ ಬರಹವನ್ನು ಯಾವ ಲಿಪಿಯಲ್ಲಿ ಮೊದಲು ಓದುತ್ತದೆ ಎಂದು ಕೇಳಿಕೊಂಡರೆ ಸಾಕು.

ಶಿವರಾತ್ರಿಗೆ ಅಮರಾಪುರ ಮಂಡಲದ ಹೇಮಾವತಿ ಎಂಬ ಊರಿನಲ್ಲಿ ಸಿದ್ಧೇಶ್ವರನ ಜಾತ್ರೆ. ಶಿರಾ, ಪಾವಗಡದ ಕಡೆಯಿಂದಲೂ ಜನ ಬರುತ್ತಾರೆ. ಅಂಥ ಜಾತ್ರೆಗಳಲ್ಲಿ ಮೈಕು ಹಿಡಿದವನು ಕನ್ನಡ, ತೆಲುಗು ಬೆರೆಸಿ ಕೂಗುವುದನ್ನು ಕೇಳಿದರೆ ಎಚ್ಚರಿಕೆ ಎಂಬುದು ಹೇಗಿರಬೇಕೆಂದು ತಿಳಿಯುತ್ತದೆ. ಕೆಂಪು ಅಂಗಿಯ ಹುಡುಗ ಅಳುತ್ತಾ ಇಲ್ಲಿ ಕೂತಿದ್ದಾನೆ, ತೇರು ಹೊರಡುತ್ತೆ ಗಾಲಿಯ ಹತ್ತಿರ ನಿಲ್ಲಬೇಡಿ, ಕೊರಳಿನ ಸರ ನೋಡಿಕೊಳ್ಳಿ ತಾಯಿ. ಅವನು ಜನರನ್ನು ನೋಡುತ್ತಾ ಮಾತಾಡುತ್ತಾನೆ, ಮಾತು ಮುಟ್ಟಿತೋ ಇಲ್ಲವೋ ಅವನಿಗೆ ಆಗಲೇ ಗೊತ್ತಾಗುತ್ತದೆ. ಆ ಜಾತ್ರೆಯ ಮುನ್ನಾದಿನದ ಪುಟದಲ್ಲಿ, ಹಿಂದೂಪುರದಿಂದ ಬರುವ ತೆಲುಗು ಪತ್ರಿಕೆಯಲ್ಲೂ ತುಮಕೂರಿನಿಂದ ಬರುವ ಕನ್ನಡ ಪತ್ರಿಕೆಯಲ್ಲೂ, ಶಿರಾ ಕಡೆಗೆ ಮತ್ತು ಮಡಕಶಿರಾ ಕಡೆಗೆ ರಾತ್ರಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ದಾರಿಯಲ್ಲಿ ಎಲ್ಲೆಲ್ಲಿ ದೀಪವಿಲ್ಲ, 108ರ ಗಾಡಿ ಯಾವ ತಿರುವಿನಲ್ಲಿ ನಿಂತಿರುತ್ತದೆ ಎಂಬುದು ಅಚ್ಚಾಗಲಿ.