ಶಿಷ್ಯತ್ವದಿಂದಲೇ ಆರಂಭ: ಮೋಗ್ಲಿಂಗರ ಗ್ರಂಥಮಾಲೆಯ ಒಂದು ಮರುನೋಟ

ಹಿರಿಯೂರು ತಾಲ್ಲೂಕಿನ ಆದಿವಾಲದ ಹೆಸರಿನ ಮೂಲ ಏನೇ ಇರಲಿ, ಅದನ್ನು ಉಚ್ಚರಿಸಿದಾಗ ಮೊದಲು ಕಿವಿಗೆ ಬೀಳುವುದು ‘ಆದಿ’ ಎಂಬ ಪದ. ಇಂಥ ಊರಿಗೆ ಹೊಸ ಗುರುಗಳೋ ಉಪದೇಶಿಯೋ ಬಂದರೆನ್ನೋಣ. ಹಾರ, ಸ್ವಾಗತಭಾಷಣಗಳ ನಡುವೆ ಎಲ್ಲರ ಬಾಯಲ್ಲೂ ಬರುವ ಮಾತು ‘ಹೊಸ ಆರಂಭ’. ಹೊಸ ಯೋಜನೆ, ಹೊಸ ಸಮಿತಿ, ಕೊನೆಗೆ ಗೋಡೆಯ ಮೇಲೊಂದು ಹೊಸ ಫಲಕ. ಈ ಮಾತಿನೊಳಗೆ ಅಪಾಯವೊಂದು ಅಡಗಿದೆ: ತಾನು ಬರುವ ಮೊದಲು ಅಲ್ಲಿ ಏನೂ ಇರಲಿಲ್ಲವೆಂಬ ಭಾವ. ಕ್ರೈಸ್ತ ನಾಯಕನಿಗೆ ಹೊಸ ಆರಂಭವೆಂದರೆ ಮತ್ತೊಮ್ಮೆ ಶಿಷ್ಯನಾಗುವುದು. ಇದನ್ನು ಮನಗಾಣಲು ಹತ್ತೊಂಬತ್ತನೆಯ ಶತಮಾನದ ಒಂದು ಕನ್ನಡ ಗ್ರಂಥಮಾಲೆಯನ್ನು ಪರಿಶೀಲಿಸಬಹುದು.

ಜರ್ಮನಿಯ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ. ಬಾಸೆಲ್ ಮಿಷನ್ ಅಲ್ಲಿ 1834ರಲ್ಲಿಯೇ ಕಾರ್ಯಾರಂಭ ಮಾಡಿತ್ತು. ಅಂದರೆ ಅವರು ಕಾಲಿಟ್ಟದ್ದು ಇತರರು ಉತ್ತ ಹೊಲಕ್ಕೆ. 1843ರ ಜುಲೈ 1ರಂದು ಅವರು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂದು ನಾವೆಲ್ಲರೂ ಬಲ್ಲೆವು. ಆದರೆ ನನ್ನ ದೃಷ್ಟಿಯಲ್ಲಿ ಅವರ ಹೆಚ್ಚು ಆಳವಾದ ಆರಂಭವೆಂದರೆ 1848ರಿಂದ 1853ರವರೆಗೆ ಕಲ್ಲಚ್ಚಿನಲ್ಲಿ ಪ್ರಕಟವಾದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ.

ಈ ಮಾಲೆಯಲ್ಲಿ ಅಚ್ಚಾದದ್ದೇನು? ನಮ್ಮ ನೆರೆಯ ಕಡೂರು ಸೀಮೆಯ ದೇವನೂರಿನವನೆನ್ನಲಾದ ಲಕ್ಷ್ಮೀಶನ ಜೈಮಿನಿ ಭಾರತ, ವೀರಶೈವರ ಬಸವಪುರಾಣ, ಹರಿದಾಸರ ಪದಗಳು. ಸುವಾರ್ತೆ ಸಾರಲು ಬಂದ ಪ್ರೊಟೆಸ್ಟೆಂಟ್ ಮಿಷನರಿಯೊಬ್ಬರು ಅನ್ಯರ ಭಕ್ತಿಗ್ರಂಥಗಳಿಗೆ ತಮ್ಮ ಅಚ್ಚುಕೂಟವನ್ನು ತೆರೆದರು. ನ್ಯಾಯಾಧೀಶರಾಗಿದ್ದ ಕಾಸಾಮೇಜರ್ ಎಂಬವರು ಧನಸಹಾಯ ನೀಡಿದರು. ಆದರೆ ಹಣವೊಂದರಿಂದ ಇಂಥ ಕೆಲಸ ಸಾಗದು. ಹಸ್ತಪ್ರತಿಗಾಗಿ ಇನ್ನೊಬ್ಬರ ಮನೆಬಾಗಿಲಲ್ಲಿ ನಿಲ್ಲಬೇಕು. ಅರ್ಥವಾಗದ ಪದಕ್ಕಾಗಿ ಬಲ್ಲವರ ಮುಂದೆ ಕೂರಬೇಕು. ಬೋಧಿಸಲು ಬಂದವರು ಕೇಳಿಸಿಕೊಳ್ಳುವವರಾದರು. ಈ ಮಾಲೆಯ ನಿಜವಾದ ಹಿರಿಮೆ ಅಲ್ಲಿದೆ.

ಹಾಗೆಂದು ಮೋಗ್ಲಿಂಗರನ್ನು ಪೀಠದ ಮೇಲೆ ಕೂರಿಸಿ ಹೂವೇರಿಸುವುದು ವಿಮರ್ಶೆಯಾಗದು. ಪರಮತವನ್ನು ಖಂಡಿಸುವ ಬರಹಗಳನ್ನೂ ಅವರು ರಚಿಸಿದರು. ದಾಸರ ಪದಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ ಕೈಯೇ ಆ ಭಕ್ತಿಯ ತಳಹದಿಯನ್ನು ಪ್ರಶ್ನಿಸಿತು. ಸುತ್ತಲಿನ ಜನರ ನಂಬಿಕೆಯನ್ನು ಅರಿಯುವುದು ಅದನ್ನು ಗೆಲ್ಲುವ ದಾರಿಯೂ ಹೌದೆಂಬ ಅಂದಿನ ಮಿಷನರಿ ಧೋರಣೆಯಿಂದ ಅವರು ಪೂರ್ತಿ ಹೊರಬರಲಿಲ್ಲ. ಆದರೂ ಕಾಲದ ತೀರ್ಪನ್ನು ಗಮನಿಸಿ. ಅವರ ಖಂಡನೆಗಳನ್ನು ಇಂದು ಅರಸುವವರು ಸಂಶೋಧಕರಷ್ಟೇ. ಆ ಗ್ರಂಥಮಾಲೆಯನ್ನು ಬಿಟ್ಟು ಕನ್ನಡ ಮುದ್ರಣದ ಚರಿತ್ರೆಯನ್ನು ಬರೆಯಲಾಗದು. ತಾನು ಬಲ್ಲೆನೆಂದು ಬರೆದದ್ದು ಮಾಸಿತು. ಕಲಿಯುತ್ತ ಮಾಡಿದ್ದು ಉಳಿಯಿತು.

ಇನ್ನೊಂದು ಸಂಗತಿ. ಅವರ ಶಿಷ್ಯರಲ್ಲೊಬ್ಬರಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್‌ನಲ್ಲಿ ಓದಿ, ಹಿಂದಿರುಗಿ ಮಂಗಳೂರಿನಲ್ಲಿಯೇ ಬೋಧಕರಾದರು. ಇತ್ತ ಗುರುವಾದ ಮೋಗ್ಲಿಂಗರು, ಹದಿನಾರು ವರ್ಷಗಳ ದುಡಿಮೆಯ ಬಳಿಕ, 1853ರಲ್ಲಿ ಕೊಡಗಿಗೆ ತೆರಳಿ ಮತ್ತೆ ಮೊದಲಿನಿಂದ ತೊಡಗಿದರು. ಕಟ್ಟಿದ್ದಕ್ಕೆ ಅಂಟಿಕೊಂಡು ಕೂರದೆ, ಗೊತ್ತಿಲ್ಲದ ನೆಲದಲ್ಲಿ ಮರಳಿ ಅಕ್ಷರ ತಿದ್ದುವ ಈ ಧೈರ್ಯ ಎಷ್ಟು ನಾಯಕರಿಗಿದೆ? ವರ್ಗಾವಣೆಯ ಪತ್ರ ಬಂದಾಗ ನಮ್ಮ ಮನಸ್ಸು ಮೊದಲು ಎಣಿಸುವುದು ಕಳೆದುಕೊಳ್ಳುವುದನ್ನು. ಆಮೇಲೆ, ಹೋದೆಡೆ ಬದಲಾಯಿಸಬೇಕಾದುದನ್ನು. ಅಲ್ಲಿ ಕಲಿಯಬೇಕಾದುದರ ಪಟ್ಟಿಯನ್ನು ಮಾಡುವವರು ವಿರಳ.

ನಮ್ಮ ಪ್ರಭುವಿನ ಆರಂಭವನ್ನಾದರೂ ನೆನೆಯೋಣ. ಯೇಸು ತಮ್ಮ ಬಹಿರಂಗ ಜೀವನವನ್ನು ತೊಡಗಿದ್ದು ಸ್ವಂತ ವೇದಿಕೆಯಿಂದಲ್ಲ. ಸ್ನಾನಿಕ ಯೊವಾನ್ನರು ಆಗಲೇ ನಡೆಸುತ್ತಿದ್ದ ಕಾರ್ಯದೊಳಗೆ, ಜೋರ್ಡನ್ ನದಿಗಿಳಿದ ಜನರ ನಡುವೆ ತಾವೂ ಒಬ್ಬರಾಗಿ ನಿಂತರು. ಲೋಕವನ್ನೇ ಹೊಸದು ಮಾಡಬಂದವರು ಹಿಂದಿನವನ ಕೈಯಿಂದ ಸ್ನಾನ ಪಡೆದರು.

ಹಿರಿಯೂರಿನ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಆ ಕೋಡಿಯನ್ನು ಕಾಣಲು ಜನ ಸಾಗರವಾಗಿ ನೆರೆದರು. ಆದರೆ ಕಟ್ಟೆ ನೀರನ್ನು ಹುಟ್ಟಿಸಲಿಲ್ಲ. ವೇದಾವತಿ ಅದಕ್ಕಿಂತ ಮುಂಚೆಯೇ ಹರಿಯುತ್ತಿದ್ದಳು. ಮೇಲಿನಿಂದ ಬಂದುದನ್ನು ವಿನಯದಿಂದ ತಡೆದು ಹಿಡಿದು, ಹೊಲಗಳತ್ತ ತಿರುಗಿಸಿದ್ದಷ್ಟೇ ಕಟ್ಟೆಯ ಕೆಲಸ.

ಹೊಸದಾಗಿ ಬರುವ ನಾಯಕನ ಕೆಲಸವೂ ಅಷ್ಟೇ. ಬಂದ ಮೊದಲ ವಾರದಲ್ಲಿ ಯೋಜನೆ ಸಾರುವ ಮುನ್ನ, ಧರ್ಮಕೇಂದ್ರದ ಅತ್ಯಂತ ಹಿರಿಯ ಅಜ್ಜಿಯ ಜಗಲಿಯ ಮೇಲೆ ಕುಳಿತು, “ಅಮ್ಮಾ, ಇಲ್ಲಿ ದೇವರು ಇಷ್ಟು ದಿನ ಏನು ಮಾಡಿದ್ದಾರೆ, ಹೇಳಿ” ಎಂದು ಕೇಳಲಿ. ಆರಂಭ ಅಲ್ಲಿಂದ.